ಆಸ್ಪತ್ರೆ ಪಟ್ಟಿಯಲ್ಲಿದ್ದರೆ ಸಾಕೆ?

ಥಾಣೆಯ ಕೋಪರಿಯಿಂದ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ನಕ್ಷೆಯಲ್ಲಿ ತೀರಾ ಹತ್ತಿರ. ಥಾಣೆಯಲ್ಲಿ ಲೋಕಲ್ ಹತ್ತಿದರೆ ಮುಂದಿನ ಸ್ಟೇಷನ್ನೇ ಕಳ್ವಾ. ಆದರೆ ಕೋಪರಿ ಇರುವುದು ರೈಲು ಹಳಿಗಳ ಪೂರ್ವಕ್ಕೆ, ಖಾಡಿಯ ಕಡೆಗೆ. ರೈಲು ಹಿಡಿಯಬೇಕಾದರೆ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ಕಳ್ವಾದಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ. ಇಳಿದ ಮೇಲೆ ಮತ್ತೆ ರಿಕ್ಷಾ. ಮನೆ ಬಾಗಿಲಿನಿಂದಲೇ ರಿಕ್ಷಾ ಮಾಡಿಕೊಂಡು ಹೋಗೋಣವೆಂದರೆ ಹೆದ್ದಾರಿಯ ಕೋಪರಿ ಸೇತುವೆಯ ಮೇಲಿಂದ ಪಶ್ಚಿಮಕ್ಕೆ ದಾಟಿ, ಪೇಟೆಯ ಗರ್ದಿಯಲ್ಲಿ ನುಗ್ಗಿ, ಆಮೇಲೆ ಖಾಡಿಯ ಸೇತುವೆ ಹಿಡಿಯಬೇಕು. ಕಾಲು ಮುರಿದವರಿಗೆ, ಹೆರಿಗೆ ನೋವು ಬಂದವರಿಗೆ, ಡಯಾಲಿಸಿಸ್ ಮುಗಿಸಿ ಕಣ್ಣು ಕತ್ತಲೆಗಟ್ಟುತ್ತಿರುವವರಿಗೆ ಈ ‘ಒಂದೇ ಸ್ಟೇಷನ್’ ಎಷ್ಟು ದೂರ ಎಂಬುದನ್ನು ನಕ್ಷೆ ಹೇಳುವುದಿಲ್ಲ.

ಸರಕಾರದ ಹಣದಲ್ಲಿ ನಡೆಯುವ ಆರೋಗ್ಯ ಯೋಜನೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಲಕ್ಷದ ತನಕ ಸಿಗುತ್ತದೆ?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಎಲ್ಲಿ ಸಿಗುತ್ತದೆ?’ ಕಾರ್ಡಿನಲ್ಲಿ ಐದು ಲಕ್ಷ ಇದ್ದರೂ, ನಮ್ಮ ಖಾಯಿಲೆಗೆ ಚಿಕಿತ್ಸೆ ಕೊಡುವ, ನಾವು ತಲುಪಬಲ್ಲ, ಹೋದ ದಿನ ಹಾಸಿಗೆ ಖಾಲಿ ಇರುವ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಐದು ಲಕ್ಷಕ್ಕೆ ಬೆಲೆ ಇಲ್ಲ. ಯಾವ ಆಸ್ಪತ್ರೆಯನ್ನು ಪಟ್ಟಿಗೆ ಸೇರಿಸಬೇಕು, ಎಷ್ಟು ಆಸ್ಪತ್ರೆಗಳಿರಬೇಕು, ಎಷ್ಟು ಹತ್ತಿರದಲ್ಲಿರಬೇಕು, ಎಷ್ಟು ದಿನದೊಳಗೆ ರೋಗಿಯನ್ನು ನೋಡಬೇಕು ಎಂಬ ಕಟ್ಟಳೆಗಳನ್ನೇ ಆಸ್ಪತ್ರೆ ಜಾಲದ ಮಾನದಂಡ ಎನ್ನುವುದು. ನಮ್ಮಲ್ಲಿ ಇದರ ಮೊದಲ ಭಾಗವನ್ನು ಬಹಳ ವಿವರವಾಗಿ ಬರೆದಿದ್ದಾರೆ. ಉಳಿದ ಭಾಗಗಳನ್ನು ಅಷ್ಟು ಗಟ್ಟಿಯಾಗಿ ಬರೆದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರಿಗೆ ಬರುವ ಕಷ್ಟಗಳಲ್ಲಿ ಬಹಳಷ್ಟು ಈ ಬರೆಯದೆ ಬಿಟ್ಟ ಜಾಗದಲ್ಲೇ ಹುಟ್ಟುತ್ತವೆ.

ಮೊದಲು ಯೋಜನೆಗಳ ಪರಿಚಯ ಚುಟುಕಾಗಿ ಆಗಲಿ. ಮಹಾರಾಷ್ಟ್ರದಲ್ಲಿ 2012ರ ಜುಲೈಯಲ್ಲಿ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಶುರುವಾಯಿತು. ಮುಂದಿನ ವರ್ಷ ಇಡೀ ರಾಜ್ಯಕ್ಕೆ ಹಬ್ಬಿತು. 2017ರಲ್ಲಿ ಅದಕ್ಕೆ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂದು ಹೆಸರಾಯಿತು. 2020ರ ಏಪ್ರಿಲ್‌ನಿಂದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸೇರಿ ನಡೆಯುತ್ತಿದೆ. ಮೊದಲು ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಇತ್ತು. 2023ರಲ್ಲಿ ಅದನ್ನು ಐದು ಲಕ್ಷಕ್ಕೆ ಏರಿಸುವ ಆದೇಶ ಬಂತು, 2024ರ ಜುಲೈ 1ರಿಂದ ಜಾರಿಯಾಯಿತು. ಹಳದಿ, ಕೇಸರಿ ರೇಷನ್ ಕಾರ್ಡಿನವರಿಗಷ್ಟೇ ಇದ್ದದ್ದು ಈಗ ಬಿಳಿ ಕಾರ್ಡಿನವರಿಗೂ ಇದೆ. 2024ರ ಅಕ್ಟೋಬರ್ 29ರಿಂದ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. ಕಾರ್ಖಾನೆ, ಹೋಟೆಲುಗಳಲ್ಲಿ ತಿಂಗಳಿಗೆ 21,000 ರೂಪಾಯಿ ತನಕ ಪಗಾರ ಇರುವವರಿಗೆ ಇಎಸ್‌ಐ ಬೇರೆಯೇ ಇದೆ, ಅದಕ್ಕೆ ಅದರದೇ ಆಸ್ಪತ್ರೆಗಳೂ ಒಪ್ಪಂದದ ಆಸ್ಪತ್ರೆಗಳೂ ಇವೆ.

ಫಲಾನುಭವಿಗಳ ಸಂಖ್ಯೆ ಹೀಗೆ ಒಂದೇ ಏಟಿಗೆ ಏರಿದಾಗ ಪಟ್ಟಿಯ ಆಸ್ಪತ್ರೆಗಳೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಕಾರ್ಡು ಕೊಡಲು ಒಂದು ಸರಕಾರಿ ಆದೇಶ ಸಾಕು. ಹಾಸಿಗೆ, ನರ್ಸು, ಅರಿವಳಿಕೆ ತಜ್ಞರು ಆದೇಶದಿಂದ ಹುಟ್ಟುವುದಿಲ್ಲ.

ಪಟ್ಟಿಗೆ ಸೇರುವ ಬಗೆ

ಆಸ್ಪತ್ರೆಯೊಂದು ಆಯುಷ್ಮಾನ್ ಪಟ್ಟಿಗೆ ಸೇರಬೇಕಾದರೆ ಆನ್‌ಲೈನ್ ಅರ್ಜಿ ಹಾಕಬೇಕು. ಜಿಲ್ಲಾ ಸಮಿತಿ ಸ್ಥಳಕ್ಕೆ ಬಂದು ನೋಡುತ್ತದೆ, ವರದಿ ಕಳಿಸುತ್ತದೆ, ರಾಜ್ಯ ಸಮಿತಿ ತೀರ್ಮಾನಿಸುತ್ತದೆ. ಒಳರೋಗಿಗಳನ್ನು ಇರಿಸಿಕೊಳ್ಳುವ ಸರಕಾರಿ ಆಸ್ಪತ್ರೆಗಳು, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನವು, ತಾವಾಗಿಯೇ ಪಟ್ಟಿಯಲ್ಲಿರುತ್ತವೆ. ಖಾಸಗಿಯವರಿಗೆ ರಾಷ್ಟ್ರೀಯ ಮಾರ್ಗಸೂಚಿ ಕೇಳುವ ಕನಿಷ್ಠ ಬೇಡಿಕೆಗಳಲ್ಲಿ ಮುಖ್ಯವಾದವು ಇವು: ಹತ್ತು ಹಾಸಿಗೆ, ಹಗಲು ರಾತ್ರಿ ಎಂಬಿಬಿಎಸ್ ವೈದ್ಯರು ಮತ್ತು ತರಬೇತಿ ಪಡೆದ ನರ್ಸುಗಳು, ತುರ್ತು ಚಿಕಿತ್ಸೆ, ಸ್ವಂತದ್ದೋ ಒಪ್ಪಂದದ್ದೋ ಆಂಬುಲೆನ್ಸ್, ಔಷಧಿ ಅಂಗಡಿ, ಲ್ಯಾಬ್, ಶಸ್ತ್ರಚಿಕಿತ್ಸೆ ಮಾಡುವುದಾದರೆ ಸುಸಜ್ಜಿತ ಓಟಿ, ವೈದ್ಯಕೀಯ ತ್ಯಾಜ್ಯದ ವಿಲೇವಾರಿ, ಅಗ್ನಿಸುರಕ್ಷೆ. ಇವನ್ನು ಸ್ವಲ್ಪ ಬಿಗಿ ಮಾಡುವ, ಸಡಿಲಿಸುವ ಅವಕಾಶ ರಾಜ್ಯಗಳಿಗೆ ಇದೆ. ಮಹಾರಾಷ್ಟ್ರದಲ್ಲಿ ಈ ಕೆಲಸ ರಾಜ್ಯ ಆರೋಗ್ಯ ಹಮಿ ಸೊಸೈಟಿಯದು, ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು.

ಕಾಗದದ ಮೇಲೆ ಎಲ್ಲವೂ ಸರಿ. ಈಗ ಡೊಂಬಿವಲಿಯ ಯಾವುದಾದರೂ ಹಳೆಯ ರಸ್ತೆಯಲ್ಲಿ ನಡೆದು ನೋಡಿ. ಕೆಳಗೆ ಅಂಗಡಿ, ಮೊದಲ ಮಾಳಿಗೆಯಲ್ಲಿ ನರ್ಸಿಂಗ್ ಹೋಮ್, ಅದರ ಮೇಲೆ ಸಂಸಾರಗಳ ಮನೆಗಳು. ಏಳೆಂಟು ಹಾಸಿಗೆ, ಒಬ್ಬ ಸರ್ಜನ್, ಅವರ ಹೆಂಡತಿ ಸ್ತ್ರೀರೋಗ ತಜ್ಞೆ, ಕರೆದರೆ ಬರುವ ಅರಿವಳಿಕೆ ಡಾಕ್ಟರು. ಮೆಟ್ಟಿಲು ಕಡಿದು, ಸ್ಟ್ರೆಚರ್ ತಿರುಗಿಸಲು ಕಷ್ಟ. ಎರಡನೆಯ ದಾರಿ ಇಲ್ಲ. ಬಿಲ್ಡಿಂಗಿಗೇ ಸರಿಯಾದ ಪರವಾನಗಿ ಇಲ್ಲದಿದ್ದರೆ ಅಗ್ನಿಶಾಮಕ ದಳದ ಒಪ್ಪಿಗೆ ಪತ್ರ ಎಲ್ಲಿಂದ ಬರಬೇಕು? ಆದರೆ ಆ ಗಲ್ಲಿಯ ಜನರಿಗೆ ಮೂವತ್ತು ವರ್ಷಗಳಿಂದ ಅಪೆಂಡಿಕ್ಸ್, ಹರ್ನಿಯಾ, ಹೆರಿಗೆ ಎಲ್ಲಕ್ಕೂ ಅದೇ ಆಸ್ಪತ್ರೆ. ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ ತೆರೆಯುವ ಡಾಕ್ಟರು ಅವರೇ. ಅಂಥವರನ್ನು ಹೊರಗಿಟ್ಟರೆ ಜಾಲ ತೆಳುವಾಗುತ್ತದೆ. ಒಳಗೆ ಬಿಟ್ಟುಕೊಂಡರೆ ಸುರಕ್ಷತೆಯ ಹೊಣೆ ಯಾರದು?

ಅಗ್ನಿಸುರಕ್ಷೆಯ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸಿಲ್ಲ. 2021ರ ಏಪ್ರಿಲ್ 28ರ ಬೆಳಗಿನ ಜಾವ ಮುಂಬ್ರಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು ನಾಲ್ವರು ರೋಗಿಗಳು ತೀರಿಕೊಂಡರು. ಅದಕ್ಕೆ ಐದು ದಿನ ಮೊದಲು ವಿರಾರಿನ ಆಸ್ಪತ್ರೆಯ ಐಸಿಯುನಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾಗಿದ್ದರು. ಈ ಒಂದು ಕಟ್ಟಳೆಯನ್ನು ಯಾವ ಊರಿಗೂ ಸಡಿಲಿಸಬಾರದು. ಹಾಸಿಗೆಗಳ ಸಂಖ್ಯೆಯ ವಿಷಯ ಬೇರೆ. ಕಣ್ಣಿನ ಪೊರೆ ತೆಗೆಯುವ ಆಸ್ಪತ್ರೆಗೆ, ಡಯಾಲಿಸಿಸ್ ಕೇಂದ್ರಕ್ಕೆ ಹತ್ತು ಹಾಸಿಗೆ ಯಾಕೆ ಬೇಕು? ಒಂದೇ ವಿಭಾಗದ ಆಸ್ಪತ್ರೆಗಳಿಗೆ ವಿನಾಯಿತಿ ಕೊಡುವ ಅವಕಾಶ ಇರುವುದು ಅದಕ್ಕೇ. ಮಾನದಂಡ ಹಾಕುವವರು ಯಾವುದನ್ನು ಬಿಗಿ ಹಿಡಿಯಬೇಕು, ಯಾವುದರಲ್ಲಿ ಕೈ ಸಡಿಲ ಬಿಡಬೇಕು ಎಂಬುದನ್ನು ಚಿಕಿತ್ಸೆಯ ಬಗೆ ನೋಡಿ ಹೇಳಬೇಕು.

ಪಟ್ಟಿಗೆ ಸೇರಿದ ಮೇಲೂ ಪರೀಕ್ಷೆ ಮುಗಿಯಬಾರದು. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದಿಟ್ಟ ಮಹಾಲೇಖಪಾಲರ ವರದಿ ಆಯುಷ್ಮಾನ್ ಯೋಜನೆಯನ್ನು ಕೂಲಂಕಷವಾಗಿ ನೋಡಿತು. ಏಳೂವರೆ ಲಕ್ಷದಷ್ಟು ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ನಂಬರಿಗೆ ಅಂಟಿಕೊಂಡಿದ್ದ ಸಂಗತಿ ಆಗ ಸುದ್ದಿಯಾಯಿತು. ಅದೇ ವರದಿಯಲ್ಲಿ ಅದಕ್ಕಿಂತ ದೊಡ್ಡ ವಿಷಯವಿತ್ತು: ಕೆಲವು ರಾಜ್ಯಗಳಲ್ಲಿ ಸ್ಥಳ ಪರಿಶೀಲನೆ ಮಾಡದೆಯೇ ಆಸ್ಪತ್ರೆಗಳನ್ನು ಪಟ್ಟಿಗೆ ಸೇರಿಸಿದ್ದರು, ಪಟ್ಟಿಯಲ್ಲಿದ್ದ ಹಲವು ಆಸ್ಪತ್ರೆಗಳಲ್ಲಿ ಕನಿಷ್ಠ ಮಟ್ಟದ ಸೌಕರ್ಯ, ಸಿಬ್ಬಂದಿ ಇರಲಿಲ್ಲ. ಅದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಖಾಸಗಿ ಆಸ್ಪತ್ರೆಗಳು ಸೇರುವುದೂ ಬಿಡುವುದೂ ಕೊನೆಗೆ ಹಣದ ಮೇಲೆ ನಿಂತಿದೆ. ಪ್ರತಿ ಚಿಕಿತ್ಸೆಗೂ ಪ್ಯಾಕೇಜ್ ದರ ಗೊತ್ತುಮಾಡಿರುತ್ತಾರೆ. ಗುಣಮಟ್ಟದ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗೆ ಮೂಲ ದರದ ಮೇಲೆ ಶೇ. 15, ಅದರ ಮೊದಲ ಹಂತದ ಪ್ರಮಾಣಪತ್ರ ಇದ್ದರೆ ಶೇ. 10 ಹೆಚ್ಚು ಕೊಡುವ ಏರ್ಪಾಡು ಆಯುಷ್ಮಾನ್ ಯೋಜನೆಯಲ್ಲಿದೆ. ಬಿಲ್ಲು ಕಳಿಸಿದ ಮೇಲೆ ರಾಜ್ಯದೊಳಗಿನದಕ್ಕೆ 15 ದಿನ, ಹೊರರಾಜ್ಯದ ರೋಗಿಯದಕ್ಕೆ 30 ದಿನದೊಳಗೆ ಹಣ ಕೊಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಈ ಗಡುವು ಮೀರಿದಾಗ ಏನಾಗುತ್ತದೆ ಎಂಬುದನ್ನು ಹರಿಯಾಣದಲ್ಲಿ ಕಂಡಿದ್ದೇವೆ: 2025ರ ಆಗಸ್ಟ್ 7ರಿಂದ ಅಲ್ಲಿನ ಖಾಸಗಿ ಆಸ್ಪತ್ರೆಗಳು ಬಾಕಿ ಬಂದಿಲ್ಲವೆಂದು ಆಯುಷ್ಮಾನ್ ಸೇವೆಯನ್ನೇ ನಿಲ್ಲಿಸಿದವು. ಆ ದಿನವೂ ಪಟ್ಟಿಯಲ್ಲಿ ಅವುಗಳ ಹೆಸರು ಇದ್ದೇ ಇತ್ತು. ಆದ್ದರಿಂದ ಮಾನದಂಡ ಎಂದರೆ ಆಸ್ಪತ್ರೆಗೆ ಮಾತ್ರ ಅಲ್ಲ, ಹಣ ಕೊಡುವ ಸರಕಾರಕ್ಕೂ ಇರಬೇಕು.

ಯಾರ ಮನೆಯಿಂದ ಅಳೆಯಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಲಿನ ಕಟ್ಟಳೆಗಳೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಒಳಗೆ ನೋಡುವಂಥವು. ರೋಗಿಯ ಬಾಗಿಲಲ್ಲಿ ನಿಂತು ಹೊರಗೆ ನೋಡುವ ಕಟ್ಟಳೆ ಬೇರೆ ಬೇಕು.

ಥಾಣೆ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2014ರಲ್ಲಿ ಪಾಲ್ಘರ್ ಬೇರೆಯಾದ ಮೇಲೂ ಇದರಲ್ಲಿ ಏಳು ತಾಲೂಕು, ಆರು ಮಹಾನಗರ ಪಾಲಿಕೆಗಳಿವೆ: ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ, ಉಲ್ಲಾಸನಗರ, ಭಿವಂಡಿ, ಮೀರಾ-ಭಾಯಂದರ್. ಒಂದು ಕಡೆ ಸಾಲುಸಾಲು ದೊಡ್ಡ ಆಸ್ಪತ್ರೆಗಳು, ಇನ್ನೊಂದು ಕಡೆ ಮುರಬಾಡ, ಶಹಾಪುರದ ಆದಿವಾಸಿ ಪಾಡೆಗಳು. ‘ಜಿಲ್ಲೆಯಲ್ಲಿ ಇಷ್ಟು ಆಸ್ಪತ್ರೆ ಪಟ್ಟಿಯಲ್ಲಿವೆ, ಲಕ್ಷ ಜನಕ್ಕೆ ಇಷ್ಟು’ ಎಂಬ ಲೆಕ್ಕ ಶಹಾಪುರದ ಗರ್ಭಿಣಿಗೂ ಕೋಪರಿಯ ಮುದುಕರಿಗೂ ಏನನ್ನೂ ತಿಳಿಸುವುದಿಲ್ಲ. ಅಲ್ಲದೆ ಥಾಣೆಯ ರೋಗಿ ಜಿಲ್ಲೆಯ ಗಡಿ ನೋಡಿ ನಿಲ್ಲುವವರಲ್ಲ. ಕೋಪರಿಯಿಂದ ನಾಕಾ ದಾಟಿದರೆ ಮುಲುಂಡ್, ಅಂದರೆ ಮುಂಬಯಿ. ಸಯನ್, ಪರೇಲಿನ ಕೆಇಎಂ ಆಸ್ಪತ್ರೆಗಳಿಗೆ ಸೆಂಟ್ರಲ್ ಲೈನಿನ ಜನ ತಲೆಮಾರುಗಳಿಂದ ಹೋಗುತ್ತಿದ್ದಾರೆ. ಹಾಗಾಗಿ ಜಾಲವನ್ನು ಜಿಲ್ಲೆಗಳ ಮೇಲೆ ಅಳೆಯುವ ಬದಲು ರೈಲು, ಬಸ್ಸಿನ ದಾರಿಯ ಮೇಲೆ, ನಿಮಿಷಗಳಲ್ಲಿ ಅಳೆಯಬೇಕು.

ಅದೂ ಎಲ್ಲ ಖಾಯಿಲೆಗೂ ಒಂದೇ ಅಳತೆ ಆಗುವುದಿಲ್ಲ. ಹೃದಯದ ಕವಾಟ ಬದಲಿಸುವ ಆಪರೇಷನ್ ಬದುಕಿನಲ್ಲಿ ಒಮ್ಮೆ. ಒಳ್ಳೆಯ ಕಡೆ ಆಗುವುದಾದರೆ ಎರಡು ತಾಸಿನ ಪ್ರಯಾಣಕ್ಕೆ ಯಾರೂ ಬೇಸರಪಡುವುದಿಲ್ಲ. ಡಯಾಲಿಸಿಸ್ ಹಾಗಲ್ಲ. ವಾರಕ್ಕೆ ಎರಡು ಸಲವಾದರೆ ವರ್ಷಕ್ಕೆ 104 ಸಲ, ಮೂರು ಸಲವಾದರೆ 156 ಸಲ. ಪ್ರತಿ ಸಲ ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಹೋಗಲು ಒಂದು ತಾಸು, ಬರಲು ಒಂದು ತಾಸು ಸೇರಿದರೆ ದಿನವೇ ಮುಗಿಯಿತು. ಜೊತೆಗೆ ಹೋದ ಮಗ ಅಥವಾ ಸೊಸೆಯ ಆ ದಿನದ ಕೂಲಿಯೂ ಹೋಯಿತು. ರಿಕ್ಷಾ ಬಾಡಿಗೆ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಚಿಕಿತ್ಸೆ ಉಚಿತವಾಗಿದ್ದರೂ ಡಯಾಲಿಸಿಸ್ ನಡುವೆಯೇ ಬಿಟ್ಟುಬಿಡುವವರು ಇರುವುದು ಈ ಕಾರಣಕ್ಕೂ ಹೌದು. ಹೀಗೆ ಪದೇ ಪದೇ ಹೋಗಬೇಕಾದ ಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಕೀಮೋಥೆರಪಿಗೆ, ರೇಡಿಯೇಷನ್‌ಗೆ, ದೂರದ ಮಿತಿ ತೀರಾ ಬಿಗಿಯಾಗಿರಬೇಕು. ಹೆರಿಗೆ, ಹೃದಯಾಘಾತ, ಅಪಘಾತಕ್ಕೆ ಇನ್ನೂ ಬಿಗಿ. ಮಿಕ್ಕ ಆಪರೇಷನ್ನುಗಳಿಗೆ ಸಡಿಲವಾದರೂ ನಡೆಯುತ್ತದೆ.

ಮಹಾತ್ಮ ಫುಲೆ ಯೋಜನೆಯಲ್ಲಿ ಐದು ಲಕ್ಷದ ಮಿತಿ ಬಂದಾಗ 1,356 ಬಗೆಯ ಚಿಕಿತ್ಸೆಗಳಿದ್ದವು. ಅವುಗಳಲ್ಲಿ ಕೆಲವು ಸರಕಾರಿ ಆಸ್ಪತ್ರೆಗಳಿಗೇ ಮೀಸಲು. ಒಂದು ಆಸ್ಪತ್ರೆ ಪಟ್ಟಿಯಲ್ಲಿದೆ ಎಂದರೆ ಎಲ್ಲ ಚಿಕಿತ್ಸೆಗೂ ಇದೆ ಎಂದಲ್ಲ, ತಾನು ಒಪ್ಪಿಕೊಂಡ ವಿಭಾಗಗಳಿಗೆ ಮಾತ್ರ. ಮೂಳೆ ವಿಭಾಗಕ್ಕೆ ಸೇರಿದ ಆಸ್ಪತ್ರೆಯಲ್ಲಿ ಕಣ್ಣೆದುರಿಗೇ ಹೃದ್ರೋಗ ತಜ್ಞರು ಕೂತಿದ್ದರೂ ಯೋಜನೆಯಲ್ಲಿ ಆಂಜಿಯೋಪ್ಲಾಸ್ಟಿ ಆಗುವುದಿಲ್ಲ. ಆದ್ದರಿಂದ ಆಸ್ಪತ್ರೆಗಳ ಒಟ್ಟು ಸಂಖ್ಯೆಯನ್ನು ನಂಬಬಾರದು. ವಿಭಾಗಕ್ಕೊಂದು ನಕ್ಷೆ ಬೇಕು.

ಇನ್ನು ಹಾಸಿಗೆ. 2023ರ ಆಗಸ್ಟಿನಲ್ಲಿ ಕಳ್ವಾದ ಅದೇ ಪಾಲಿಕೆ ಆಸ್ಪತ್ರೆಯಲ್ಲಿ 24 ತಾಸಿನೊಳಗೆ 18 ರೋಗಿಗಳು ಸತ್ತಾಗ ಇಡೀ ರಾಜ್ಯ ಬೆಚ್ಚಿತು. ಆಗ ಕೇಳಿಬಂದ ಕಾರಣಗಳಲ್ಲಿ ಒಂದು, ಥಾಣೆಯ ಸಿವಿಲ್ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಲೆಂದು ಸ್ಥಳಾಂತರಿಸಿದ್ದರಿಂದ ಅಲ್ಲಿನ ರೋಗಿಗಳ ಒತ್ತಡ ಕಳ್ವಾದ ಮೇಲೆ ಬಿದ್ದದ್ದು. 500 ಹಾಸಿಗೆಯ ಆಸ್ಪತ್ರೆ, ಅದಕ್ಕಿಂತ ಹೆಚ್ಚು ರೋಗಿಗಳು. ಸಾವುಗಳಿಗೆಲ್ಲ ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಜಾಲದ ದೃಷ್ಟಿಯಿಂದ ನೋಡಿದರೆ ಪಾಠ ಸ್ಪಷ್ಟ: ಒಂದು ಆಸ್ಪತ್ರೆ ಮುಚ್ಚಿದರೆ ಅಥವಾ ಜಾಗ ಬದಲಿಸಿದರೆ ಅದರ ಹಾಸಿಗೆಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಅಕ್ಕಪಕ್ಕದ ಖಾಸಗಿ ಆಸ್ಪತ್ರೆಗಳನ್ನು ತಾತ್ಕಾಲಿಕವಾಗಿಯಾದರೂ ಒಳಗೆ ತರುವ ನಿಯಮ ಇರಬೇಕು.

ಅಮೆರಿಕದ ಗಡಿಯಾರ, ಕಲಬುರಗಿಯ ಶಿಬಿರ

ಬಡವರ ಆರೋಗ್ಯಕ್ಕೆ ಅಮೆರಿಕದಲ್ಲಿ ಮೆಡಿಕೇಡ್ ಎಂಬ ಸರಕಾರಿ ಯೋಜನೆ ಇದೆ. ಅಲ್ಲಿನ ಬಹುಪಾಲು ರಾಜ್ಯಗಳು ತಲೆಗೆ ಇಷ್ಟು ಎಂದು ತಿಂಗಳಿಗೆ ಹಣ ಕೊಟ್ಟು ಖಾಸಗಿ ವಿಮಾ ಕಂಪನಿಗಳಿಗೆ ರೋಗಿಗಳ ಹೊಣೆ ವಹಿಸುತ್ತವೆ. ಕಂಪನಿಗೆ ಬರುವ ಹಣ ಮೊದಲೇ ಗೊತ್ತಾಗಿರುವುದರಿಂದ ಡಾಕ್ಟರುಗಳ ಪಟ್ಟಿ ಚಿಕ್ಕದಾದಷ್ಟೂ ಅದಕ್ಕೆ ಲಾಭ. ಇದನ್ನು ತಡೆಯಲು 2016ರಲ್ಲಿ ಅಲ್ಲಿನ ಕೇಂದ್ರ ಸರಕಾರ ಒಂದು ನಿಯಮ ತಂದಿತು: ಸಾಮಾನ್ಯ ವೈದ್ಯರು, ಮಕ್ಕಳ ತಜ್ಞರು, ಸ್ತ್ರೀರೋಗ ತಜ್ಞರು, ಮಾನಸಿಕ ಆರೋಗ್ಯ, ಆಸ್ಪತ್ರೆ, ಔಷಧಿ ಅಂಗಡಿ, ಹೀಗೆ ಒಂದೊಂದಕ್ಕೂ ಎಷ್ಟು ಹೊತ್ತು, ಎಷ್ಟು ದೂರ ಎಂಬ ಮಿತಿಯನ್ನು ಪ್ರತಿ ರಾಜ್ಯ ಹಾಕಬೇಕು. 2020ರಲ್ಲಿ ಅದನ್ನು ಸಡಿಲಿಸಿ, ಅಳೆಯಬಲ್ಲ ಯಾವುದಾದರೂ ಮಾನದಂಡ ಸಾಕು ಎಂದರು. ಹಿರಿಯರ ಮೆಡಿಕೇರ್ ಯೋಜನೆಯ ಖಾಸಗಿ ಶಾಖೆಯಲ್ಲಂತೂ ಲೆಕ್ಕ ಇನ್ನೂ ಕರಾರುವಾಕ್ಕು. ದೊಡ್ಡ ಮಹಾನಗರದಲ್ಲಿ ಪ್ರಾಥಮಿಕ ವೈದ್ಯರು 10 ನಿಮಿಷ, 5 ಮೈಲಿಯೊಳಗೆ ಇರಬೇಕು. ಹಳ್ಳಿಗಾಡಿನಲ್ಲಿ 40 ನಿಮಿಷ, 30 ಮೈಲಿಯ ತನಕ ಬಿಡುತ್ತಾರೆ.

ಆದರೆ ಮಿತಿ ಹಾಕಿದರಷ್ಟೇ ಸಾಲದು ಎಂಬುದು ಮೆಡಿಕೇಡ್‌ನಲ್ಲಿ ಅದಕ್ಕೂ ಮೊದಲೇ ಗೊತ್ತಾಗಿತ್ತು. 2014ರ ಕೊನೆಗೆ ಅಲ್ಲಿನ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರ ಕಚೇರಿಯವರು ಪಟ್ಟಿಯಲ್ಲಿದ್ದ 1,800 ವೈದ್ಯರಿಗೆ ರೋಗಿಗಳ ಹಾಗೆ ಫೋನ್ ಮಾಡಿದ ಫಲಿತಾಂಶ ಹೊರಬಂತು. ಅರ್ಧಕ್ಕಿಂತ ಹೆಚ್ಚಿನವರು ಅಪಾಯಿಂಟ್‌ಮೆಂಟ್ ಕೊಡಲಾಗದ ಸ್ಥಿತಿಯಲ್ಲಿದ್ದರು. ಮೂರರಲ್ಲಿ ಒಬ್ಬರು ಪಟ್ಟಿಯಲ್ಲಿ ಬರೆದ ವಿಳಾಸದಲ್ಲೇ ಇರಲಿಲ್ಲ. ಕೆಲವರು ಆ ಯೋಜನೆಯಲ್ಲಿ ತಾವಿಲ್ಲ ಎಂದರು, ಕೆಲವರು ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಅಂತೂ 2024ರಲ್ಲಿ ಹೊಸ ನಿಯಮ ಬಂತು. ಸಾಮಾನ್ಯ ವೈದ್ಯರು ಮತ್ತು ಸ್ತ್ರೀರೋಗ ತಜ್ಞರ ಭೇಟಿ 15 ಕೆಲಸದ ದಿನಗಳೊಳಗೆ, ಮಾನಸಿಕ ಆರೋಗ್ಯದ ಭೇಟಿ 10 ಕೆಲಸದ ದಿನಗಳೊಳಗೆ ಸಿಗಬೇಕು. ಸಿಗುತ್ತದೋ ಇಲ್ಲವೋ ಎಂದು ಹೊರಗಿನವರೊಬ್ಬರು ರೋಗಿಯ ಸೋಗಿನಲ್ಲಿ ಫೋನ್ ಮಾಡಿ ನೋಡಬೇಕು. ಇದರಲ್ಲಿ ನಾವು ಕಲಿಯಬೇಕಾದ್ದು ಅವರ ನಿಮಿಷ, ಮೈಲಿಗಳ ಲೆಕ್ಕವನ್ನಲ್ಲ, ಅವು ಕಾರು ಇರುವವರ ಲೆಕ್ಕ. ಫೋನ್ ಮಾಡಿ ನೋಡುವ ಆ ಪದ್ಧತಿಯನ್ನು ಕಲಿಯಬೇಕು. ನಮ್ಮ ಜಿಲ್ಲಾ ಸಮಿತಿಗಳು ವರ್ಷಕ್ಕೆರಡು ಸಲ ಇದನ್ನು ಮಾಡಲು ಒಂದು ಫೋನು, ಇಬ್ಬರು ಸಿಬ್ಬಂದಿ ಸಾಕು.

ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದಿದ್ದರೆ? ಇದಕ್ಕೆ ಉತ್ತರ ಅಮೆರಿಕದಲ್ಲಿ ಹುಡುಕಬೇಕಾಗಿಲ್ಲ. ಕರ್ನಾಟಕ ಸರಕಾರ 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಶುರುಮಾಡಿದ್ದು ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದಲ್ಲಿ. ಬೀದರ್, ಗುಲ್ಬರ್ಗ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಅದರ ಜಿಲ್ಲೆಗಳು. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡದ ದೊಡ್ಡ ಖಾಯಿಲೆಗಳಿಗೆ ಬಡ ಕುಟುಂಬಗಳಿಗೆ ಹಣ ಕೊಡುವ ಯೋಜನೆ. ಅಲ್ಲಿ ಅಂಥ ಆಸ್ಪತ್ರೆಗಳೇ ಬೆರಳೆಣಿಕೆಯಷ್ಟು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ದೂರದ ಊರುಗಳ ಆಸ್ಪತ್ರೆಗಳನ್ನು ಪಟ್ಟಿಗೆ ಸೇರಿಸಿತು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಪಟ್ಟಿಯ ಆಸ್ಪತ್ರೆಗಳೇ ಹಳ್ಳಿಯ ಕಡೆ ಬಂದು ತಪಾಸಣೆ ಶಿಬಿರ ನಡೆಸಬೇಕಿತ್ತು. ಶಿಬಿರದಲ್ಲಿ ಗುರುತಿಸಿದ ರೋಗಿಗಳನ್ನು ಆಸ್ಪತ್ರೆಗೆ ತಲುಪಿಸುವ ಏರ್ಪಾಡೂ ಇತ್ತು. ಆಸ್ಪತ್ರೆ ದೂರವಿದ್ದರೆ ದಾರಿಯ ಹೊಣೆಯನ್ನು ಯೋಜನೆಯೇ ಹೊತ್ತುಕೊಳ್ಳಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಪರಿಣಾಮ ಏನಾಯಿತು ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಯೋಜನೆ ಇದ್ದ ಜಿಲ್ಲೆಗಳ ಮತ್ತು ಇನ್ನೂ ಬಾರದ ಪಕ್ಕದ ಜಿಲ್ಲೆಗಳ ಗಡಿಯ ಆಚೀಚೆ ಇರುವ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಖಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ ಇತ್ತು. ಆಸ್ಪತ್ರೆ ಸೇರಿದವರ ಕೈಯಿಂದ ಹೋಗುವ ಖರ್ಚೂ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಗಡಿಯ ಒಂದು ಹಳ್ಳಿಯಲ್ಲಿ ಉಳಿದ ಜೀವ, ಪಕ್ಕದ ಹಳ್ಳಿಯಲ್ಲಿ ಹೋಯಿತು ಎಂದೇ ಇದರ ಅರ್ಥ.

ಈ ವಿಷಯ ಥಾಣೆಗೆ ಯಾಕೆ ಎಂದರೆ, ಅದೇ ಕಲಬುರಗಿ, ಯಾದಗಿರಿಯ, ಜೊತೆಗೆ ವಿಜಯಪುರದ ಜನ ಇಲ್ಲಿನ ಬಿಲ್ಡಿಂಗ್ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬರುತ್ತಾರೆ. ಬೆಳಿಗ್ಗೆ ನಾಕಾದಲ್ಲಿ ಕೂಲಿಗಾಗಿ ಕಾದು ನಿಂತವರ ಮಧ್ಯೆ ನಿಂತರೆ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ಅವರ ರೇಷನ್ ಕಾರ್ಡು ಊರಿನದು. ಮಹಾರಾಷ್ಟ್ರದ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡು ಅಥವಾ ವಾಸದ ಪ್ರಮಾಣಪತ್ರ ಕೇಳುತ್ತಾರೆ. ಅವರಿಗೆ ಇರುವ ದಾರಿ ಆಯುಷ್ಮಾನ್ ಕಾರ್ಡು. ಒಂದು ರಾಜ್ಯದ ಆಯುಷ್ಮಾನ್ ಫಲಾನುಭವಿ ಇನ್ನೊಂದು ರಾಜ್ಯದ ಪಟ್ಟಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು ಎಂದು ಯೋಜನೆಯ ನಿಯಮವೇ ಹೇಳುತ್ತದೆ. ಆದರೆ ಊರಿನ ಕಾರ್ಡಿನಲ್ಲಿ ಕೇಂದ್ರದ ಪಟ್ಟಿಯವರೂ ರಾಜ್ಯ ಮಾತ್ರ ಸೇರಿಸಿಕೊಂಡವರೂ ಇದ್ದಾರೆ, ಎರಡಕ್ಕೂ ಒಂದೇ ಅನುಕೂಲ ಅಲ್ಲ. ಊರು ಬಿಡುವ ಮೊದಲೇ, ಆರೋಗ್ಯವಾಗಿರುವಾಗಲೇ, ಹೊರರಾಜ್ಯದಲ್ಲಿ ನಡೆಯುತ್ತದೆಯೇ ಎಂದು 14555ಕ್ಕೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಮಾತಿನ ಪ್ರಶ್ನೆಯೂ ಇದೆ. ಪಟ್ಟಿಯ ಪ್ರತಿ ಆಸ್ಪತ್ರೆಯಲ್ಲೂ ಆರೋಗ್ಯಮಿತ್ರರ ಮೇಜು ಇರಬೇಕು. ಕಾರ್ಡು, ಆಧಾರ್ ನೋಡಿ ಹೆಸರು ದಾಖಲಿಸುವುದು, ವರದಿಗಳನ್ನು ಸೇರಿಸಿ ಮುಂಗಡ ಒಪ್ಪಿಗೆಗೆ ಕಳಿಸುವುದು, ಡಿಸ್ಚಾರ್ಜ್ ಆಗುವ ತನಕ ನೋಡಿಕೊಳ್ಳುವುದು ಅವರ ಕೆಲಸ. ಯಾದಗಿರಿಯಿಂದ ಬಂದ ಅಜ್ಜಿಗೆ ಮರಾಠಿ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಎದೆನೋವು ಯಾವಾಗ ಶುರುವಾಯಿತು ಎಂಬುದನ್ನೇ ಸರಿಯಾಗಿ ಹೇಳಲಾಗದಿದ್ದರೆ ಉಳಿದದ್ದು ಹೇಗೆ? ಅಮೆರಿಕದ ಮೆಡಿಕೇಡ್ ನಿಯಮದಲ್ಲಿ ಪಟ್ಟಿಯ ವೈದ್ಯರಿಗೆ ಅಥವಾ ಅವರ ಕಚೇರಿಯವರಿಗೆ ಯಾವ ಭಾಷೆಗಳು ಬರುತ್ತವೆ ಎಂಬುದನ್ನೂ ಬರೆಯಬೇಕು. ಥಾಣೆ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕನ್ನಡ, ತುಳು ಬಲ್ಲ ವೈದ್ಯರೂ ನರ್ಸುಗಳೂ ಇದ್ದಾರೆ. ಅದನ್ನು ಪಟ್ಟಿಯಲ್ಲಿ ಒಂದು ಸಾಲು ಬರೆಯಲು ಖರ್ಚು ಏನೂ ಇಲ್ಲ.

ಈಗಲೇ ಮಾಡಬಹುದಾದ್ದು

ಚಿಕಿತ್ಸೆ ಬೇಕಾದಾಗ ಮೊದಲು ಮಹಾತ್ಮ ಫುಲೆ ಯೋಜನೆಯ ಸಹಾಯವಾಣಿ 155388ಕ್ಕೆ ಫೋನ್ ಮಾಡಿ. ‘ಈ ಆಸ್ಪತ್ರೆ ಪಟ್ಟಿಯಲ್ಲಿದೆಯೇ?’ ಎಂದು ಕೇಳಿದರೆ ಸಾಲದು. ‘ಈ ಖಾಯಿಲೆಗೆ, ಈ ಆಪರೇಷನ್ನಿಗೆ, ಇವತ್ತು ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ?’ ಎಂದು ಕೇಳಬೇಕು. ಆಮೇಲೆ ಆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ನೋಡಿ, ಹಾಸಿಗೆ ಯಾವಾಗ ಸಿಗುತ್ತದೆ ಎಂದು ವಿಚಾರಿಸಬೇಕು. ಜೀವಕ್ಕೆ ಅಪಾಯವಿದ್ದಾಗ ಕಾಗದಪತ್ರಕ್ಕೆ ಕಾಯಬೇಕಾಗಿಲ್ಲ, ಆಸ್ಪತ್ರೆಯವರು ಫೋನಿನಲ್ಲೇ ಒಪ್ಪಿಗೆ ಪಡೆದು ಚಿಕಿತ್ಸೆ ಶುರುಮಾಡಬಹುದು, ದಾಖಲೆಗಳನ್ನು ಆಮೇಲೆ ಒದಗಿಸಬಹುದು. ಒಪ್ಪಿಗೆಯಾದ ಚಿಕಿತ್ಸೆಗೆ ಡಿಪಾಜಿಟ್ ಕೇಳುವಂತಿಲ್ಲ. ಕೇಳಿದರೆ, ಕೊಡಲೇಬೇಕಾಗಿ ಬಂದರೆ, ರಸೀದಿ ಬಿಡಬೇಡಿ. ಇವೆಲ್ಲ ಮುಖ್ಯವಾಗಿ ಆಸ್ಪತ್ರೆ ಸೇರಿ ಪಡೆಯುವ ಚಿಕಿತ್ಸೆಗೆ. ಬರೀ ಓಪಿಡಿ, ಪ್ರತಿದಿನದ ಬಿಪಿ-ಸಕ್ಕರೆ ಮಾತ್ರೆಗಳು ಇದರಲ್ಲಿ ಬರುವುದಿಲ್ಲ, ಅದಕ್ಕೆ ಪಾಲಿಕೆಯ ದವಾಖಾನೆಯೇ ಗತಿ.

ದೂರು ಕೊಡುವುದಾದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಇದೆ. ಒಬ್ಬೊಬ್ಬರ ದೂರು ಒಂದೊಂದು ಆಸ್ಪತ್ರೆಯ ಮೇಲೆ ಕ್ರಮಕ್ಕೆ ಸಾಕಾಗಬಹುದು. ಆದರೆ ‘ಕೋಪರಿಗೆ ಹತ್ತಿರದಲ್ಲಿ ಈ ವಿಭಾಗವೇ ಇಲ್ಲ’ ಎಂಬುದನ್ನು ತೋರಿಸಲು ಒಬ್ಬರ ದೂರು ಸಾಲದು, ಹತ್ತಾರು ಕುಟುಂಬಗಳ ಅನುಭವ ಒಟ್ಟಿಗೆ ಬೇಕು. ಡೊಂಬಿವಲಿಯ ಕರ್ನಾಟಕ ಸಂಘದಂಥ ಸಂಸ್ಥೆಗಳು, ಥಾಣೆ-ನವಿಮುಂಬಯಿಯ ಕನ್ನಡ, ತುಳು ಸಂಘಗಳು ಯಕ್ಷಗಾನ, ನಾಟಕ, ವಿದ್ಯಾರ್ಥಿವೇತನದ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತವೆಯೋ ಅದೇ ಅಚ್ಚುಕಟ್ಟಿನಲ್ಲಿ ಈ ಮಾಹಿತಿಯನ್ನೂ ಕಲೆಹಾಕಬಹುದು. ಹೆಸರು ಬೇಡ, ವಿಳಾಸ ಬೇಡ. ಯಾವ ಬಡಾವಣೆ, ಯಾವ ಖಾಯಿಲೆ, ಯಾವ ಆಸ್ಪತ್ರೆ, ಮನೆಯಿಂದ ತಲುಪಲು ಎಷ್ಟು ನಿಮಿಷ, ಹಾಸಿಗೆ ಸಿಗಲು ಎಷ್ಟು ದಿನ, ಯಾವ ಭಾಷೆಯಲ್ಲಿ ಮಾತಾಡಿದರು, ಕೈಯಿಂದ ಹಣ ಹೋಯಿತೇ, ಹೋಗಿದ್ದರೆ ಎಷ್ಟು ಎಂದು ಬರೆದಿಟ್ಟರೆ ಸಾಕು. ಅಂಥ ಒಂದು ಪಟ್ಟಿ ಜಿಲ್ಲಾಧಿಕಾರಿಯ ಮೇಜಿಗೆ ಹೋದರೆ, ಮುಂದಿನ ಸಲ ಆಸ್ಪತ್ರೆಗಳನ್ನು ಸೇರಿಸುವಾಗ ಸಮಿತಿಯ ಮುಂದೆ ಆಸ್ಪತ್ರೆಗಳ ಅರ್ಜಿಯ ಜೊತೆ ರೋಗಿಗಳ ಲೆಕ್ಕವೂ ಇರುತ್ತದೆ.